ತೊಂಬತ್ತೈದು ಚುಕ್ಕಿಗಳ ಪರದೆಯ ಮೇಲೆ ವಿದ್ಯುತ್ ಕ್ಷೇತ್ರ

ಪ್ರಶ್ನೆ: ನಾನು ಮೈಸೂರಿನವನು, ಈಗ ಡಲ್ಲಾಸ್‌ನಲ್ಲಿದ್ದೇನೆ. ಮಗಳು ಹನ್ನೆರಡನೆಯ ತರಗತಿಯಲ್ಲಿ ಎಪಿ ಫಿಸಿಕ್ಸ್ ಓದುತ್ತಿದ್ದಾಳೆ. ನನ್ನ ಹಳೆಯ ಟಿಐ-84 ಪ್ಲಸ್ ಗ್ರಾಫಿಂಗ್ ಕ್ಯಾಲ್ಕುಲೇಟರ್‌ನಲ್ಲಿ, ಎರಡು ವಿದ್ಯುದಾವೇಶಗಳ ಸುತ್ತಲಿನ ಕ್ಷೇತ್ರವನ್ನು ತೋರಿಸುವ ಪ್ರೋಗ್ರಾಂ ಒಂದನ್ನು ಇಬ್ಬರೂ ಸೇರಿ ಬರೆದೆವು. ಪ್ರತಿ ಪಿಕ್ಸೆಲ್‌ನಲ್ಲಿ ಕ್ಷೇತ್ರವನ್ನು ಲೆಕ್ಕ ಹಾಕುತ್ತೇವೆ. ಚಿತ್ರ ಮುಗಿಯಲು ಇಪ್ಪತ್ತು ನಿಮಿಷ ಬೇಕು. ಆವೇಶದ ಹತ್ತಿರದ ಬಾಣಗಳು ಪರದೆಯನ್ನೇ ತುಂಬುತ್ತವೆ, ದೂರದವು ಕಾಣುವುದೇ ಇಲ್ಲ. ಬಾಣ ಬಿಟ್ಟು, ಕ್ಷೇತ್ರದ ದಿಕ್ಕನ್ನೇ ಹಿಡಿದು ಸಾಗುವ ಬಲರೇಖೆ ಎಳೆಯಲು ಹೋದರೆ ರೇಖೆ ಋಣ ಆವೇಶವನ್ನು ತಲುಪಿದ ಮೇಲೂ ನಿಲ್ಲದೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ. ವಿದ್ಯುತ್ ವಿಭವ ಒಂದೇ ಇರುವ ಬಿಂದುಗಳನ್ನು ಸೇರಿಸುವ ಸಮವಿಭವ ರೇಖೆಯಂತೂ ಸುತ್ತಿ ಬಂದು ಕೂಡಿಕೊಳ್ಳುವುದಿಲ್ಲ. ಸೂತ್ರದಲ್ಲಿ ತಪ್ಪಿದೆಯೇ? ಅಥವಾ ಈ ಕೆಲಸ ಈ ಯಂತ್ರಕ್ಕೆ ಮೀರಿದ್ದೇ?

ಉತ್ತರ: ಸೂತ್ರದಲ್ಲಿ ತಪ್ಪಿಲ್ಲ. ಕೆಲಸವೂ ಯಂತ್ರಕ್ಕೆ ಮೀರಿದ್ದಲ್ಲ. ನೀವು ಹೇಳಿದ ನಾಲ್ಕು ತೊಂದರೆಗಳಲ್ಲಿ ಒಂದೂ ಭೌತವಿಜ್ಞಾನದ ತಪ್ಪಿನಿಂದ ಹುಟ್ಟಿದ್ದಲ್ಲ. ಯಂತ್ರದಿಂದ ಏನನ್ನು ಕೇಳಬೇಕು, ಎಷ್ಟು ಕೇಳಬೇಕು ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳದೆ ಹೋದದ್ದರಿಂದ ಹುಟ್ಟಿದವು. ವಿದ್ಯುತ್ಕಾಂತತೆಯನ್ನು ಬಹಳ ವರ್ಷ ಪಾಠ ಮಾಡಿದವನಾಗಿ ಹೇಳುತ್ತೇನೆ, ಈ ಪ್ರಶ್ನೆಯನ್ನು ಇಷ್ಟು ಚಿಕ್ಕ ಯಂತ್ರದ ಮೇಲೆ ಎದುರಿಸುವ ಮಗಳು ಅದೃಷ್ಟವಂತೆ. ದೊಡ್ಡ ಕಂಪ್ಯೂಟರ್ ಆಗಿದ್ದರೆ ಈ ತೊಂದರೆಗಳನ್ನೆಲ್ಲ ತನ್ನ ವೇಗದಲ್ಲಿ ಮುಚ್ಚಿಹಾಕಿಬಿಡುತ್ತಿತ್ತು.

ಮೊದಲು ಯಂತ್ರದ ಶಕ್ತಿ ಎಷ್ಟೆಂದು ನೋಡೋಣ. 2004ರಲ್ಲಿ ಬಂದ ಟಿಐ-84 ಪ್ಲಸ್‌ನ ಒಳಗಿರುವುದು ಝಡ್80 ಎಂಬ ಸಂಸ್ಕಾರಕ. ಅದರ ವಿನ್ಯಾಸ 1976ರದು. ವೇಗ 15 ಮೆಗಾಹರ್ಟ್ಸ್. ಗುಣಾಕಾರಕ್ಕೆಂದು ಒಂದು ನೇರ ಆದೇಶವೂ ಅದರಲ್ಲಿ ಇಲ್ಲ. ಕೂಡುತ್ತ, ಅಂಕಿಗಳನ್ನು ಸರಿಸುತ್ತ ಗುಣಿಸಬೇಕು. ಅದೂ ಹದಿನಾಲ್ಕು ದಶಮಾಂಶ ಅಂಕಿಗಳ ನಿಖರತೆಯಲ್ಲಿ. ನೀವು ಬರೆದ ಬೇಸಿಕ್ ಸಾಲುಗಳನ್ನು ಯಂತ್ರ ಪ್ರತಿ ಬಾರಿಯೂ ಹೊಸದಾಗಿ ಓದಿ, ಅರ್ಥ ಮಾಡಿಕೊಂಡು ನಡೆಸುತ್ತದೆ. ಗ್ರಾಫ್‌ಗೆ ಸಿಗುವ ಜಾಗ ಅಡ್ಡ 95, ಉದ್ದ 63 ಪಿಕ್ಸೆಲ್, ಒಟ್ಟು 5,985. ನೀವು ಪ್ರತಿಯೊಂದರಲ್ಲೂ ವರ್ಗಮೂಲ, ಘನ, ಭಾಗಾಕಾರ ಕೇಳಿದಿರಿ. ಇಪ್ಪತ್ತು ನಿಮಿಷ ಹಿಡಿದದ್ದು ಸಹಜ.

ಆದರೆ ಅಕ್ಕಪಕ್ಕದ ಎರಡು ಪಿಕ್ಸೆಲ್‌ಗಳಲ್ಲಿ ಕ್ಷೇತ್ರದ ದಿಕ್ಕು ಹೆಚ್ಚುಕಡಿಮೆ ಒಂದೇ. ಅಲ್ಲಿ ಎರಡು ಬಾಣ ಬಿಡಿಸಲು ಜಾಗವೂ ಇಲ್ಲ. ಒಂದು ಬಾಣ ಕಣ್ಣಿಗೆ ಬಾಣವಾಗಿ ಕಾಣಬೇಕಾದರೆ ಐದಾರು ಪಿಕ್ಸೆಲ್ ಬೇಕೇ ಬೇಕು. ಹಾಗಾದರೆ ಎಂಟು ಪಿಕ್ಸೆಲ್‌ಗೊಂದು ಬಾಣ ಸಾಕು. ಮನೆಯ ಮುಂದೆ ರಂಗೋಲಿ ಹಾಕುವವರು ನೆಲವೆಲ್ಲ ಚುಕ್ಕಿ ಇಡುವುದಿಲ್ಲ. ಎಳೆ ಆಡಲು ಎಡೆ ಬಿಟ್ಟು ಇಡುತ್ತಾರೆ. ಝೂಮ್ ಪಟ್ಟಿಯಲ್ಲಿರುವ ಝಡ್‌ಡೆಸಿಮಲ್ ಕಿಟಕಿಯನ್ನು ಆರಿಸಿದರೆ ಅಡ್ಡಕ್ಕೆ −4.7ರಿಂದ 4.7, ಉದ್ದಕ್ಕೆ −3.1ರಿಂದ 3.1 ಸಿಗುತ್ತದೆ, ಒಂದು ಪಿಕ್ಸೆಲ್ ಎಂದರೆ ಸರಿಯಾಗಿ 0.1. ಅದರಲ್ಲಿ ಅಡ್ಡಕ್ಕೆ −4.4ರಿಂದ 4.4ರವರೆಗೆ, ಉದ್ದಕ್ಕೆ −2.8ರಿಂದ 2.8ರವರೆಗೆ, 0.8ಕ್ಕೊಂದರಂತೆ ಚುಕ್ಕಿ ಹಿಡಿದರೆ 12 ಕಂಬ, 8 ಸಾಲು, ಒಟ್ಟು 96 ಬಾಣ. ಅರವತ್ತೆರಡು ಪಟ್ಟು ಕಡಿಮೆ ಕೆಲಸ. ನಿಮ್ಮ ಇಪ್ಪತ್ತು ನಿಮಿಷ ಇಪ್ಪತ್ತು ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಇನ್ನೊಂದು ಅನುಕೂಲವೂ ಉಂಟು: ಈ ಸಾಲುಗಳು 0.4, −0.4 ಎತ್ತರಗಳಲ್ಲಿ ಹಾದುಹೋಗುತ್ತವೆ, ಸೊನ್ನೆಯ ಎತ್ತರದಲ್ಲಿ ಅಲ್ಲ. ನಡು ಅಕ್ಷದ ಮೇಲಿಟ್ಟ ಆವೇಶದ ಮೇಲೆಯೇ ಚುಕ್ಕಿ ಬಿದ್ದು, ಸೊನ್ನೆಯಿಂದ ಭಾಗಿಸುವ ದೋಷ ಬಂದು ಪ್ರೋಗ್ರಾಂ ಅರ್ಧಕ್ಕೇ ನಿಲ್ಲುವ ಭಯವಿಲ್ಲ.

ಝಡ್‌ಸ್ಟ್ಯಾಂಡರ್ಡ್ ಕಿಟಕಿಯನ್ನು ದಯವಿಟ್ಟು ಬಳಸಬೇಡಿ. ಅದು ಎರಡೂ ಕಡೆಗೆ −10ರಿಂದ 10 ಹಿಡಿಯುತ್ತದೆ, ಪರದೆಯೋ ಚೌಕವಲ್ಲ. ವೃತ್ತ ಅಂಡಾಕಾರವಾಗುತ್ತದೆ, ಬಲರೇಖೆಯೂ ಸಮವಿಭವ ರೇಖೆಯೂ ಲಂಬವಾಗಿ ಸಂಧಿಸಬೇಕಾದ ಕಡೆ ಓರೆಯಾಗಿ ಸಂಧಿಸುತ್ತವೆ. ಮಗಳು ತನ್ನ ಲೆಕ್ಕವನ್ನೇ ಅನುಮಾನಿಸುವಂತಾಗುತ್ತದೆ. ಅವಳ ಬಳಿ ಬಣ್ಣದ ಪರದೆಯ ಟಿಐ-84 ಪ್ಲಸ್ ಸಿಇ ಇದ್ದರೆ ಅಲ್ಲಿ ಗ್ರಾಫ್‌ನ ಜಾಗ 265ಕ್ಕೆ 165 ಪಿಕ್ಸೆಲ್. ಸಂಸ್ಕಾರಕ ವೇಗದ್ದೇ ಆದರೂ ಪಿಕ್ಸೆಲ್‌ಗಳು ಏಳು ಪಟ್ಟಿಗೂ ಹೆಚ್ಚು. ಅಲ್ಲಿಯೂ ಪ್ರತಿ ಪಿಕ್ಸೆಲ್‌ನ ದಾರಿ ಬೇಡ.

ಇನ್ನು ಬಾಣದ ಉದ್ದ. ಆವೇಶದಿಂದ 0.2 ದೂರದಲ್ಲಿರುವ ಕ್ಷೇತ್ರವನ್ನು 4 ದೂರದಲ್ಲಿರುವುದರೊಡನೆ ಹೋಲಿಸಿ. ದೂರ ಇಪ್ಪತ್ತು ಪಟ್ಟು, ಕ್ಷೇತ್ರ ನಾನೂರು ಪಟ್ಟು. ದೂರದ ಬಾಣಕ್ಕೆ ಒಂದೇ ಪಿಕ್ಸೆಲ್ ಕೊಟ್ಟರೂ ಹತ್ತಿರದ ಬಾಣ ನಾನೂರು ಪಿಕ್ಸೆಲ್ ಆಗಬೇಕು. ಅಂಥ ನಾಲ್ಕು ಪರದೆಗಳನ್ನು ಜೋಡಿಸಿದರೂ ಹಿಡಿಸದು. ಆದ್ದರಿಂದ ಎಲ್ಲ ಬಾಣಗಳಿಗೂ ಒಂದೇ ಉದ್ದ ಕೊಡಿ, 0.5 ಸಾಕು. ಬಾಣ ದಿಕ್ಕನ್ನು ಮಾತ್ರ ಹೇಳಲಿ. ತೀವ್ರತೆಯೂ ಬೇಕೆನಿಸಿದರೆ ಲಾಗರಿತಮ್ ಬಳಸಿ: ಕ್ಷೇತ್ರ ಹತ್ತು ಪಟ್ಟಾದಾಗಲೆಲ್ಲ ಬಾಣ ಎರಡು ಪಿಕ್ಸೆಲ್ ಬೆಳೆಯಲಿ. ನಾನೂರು ಪಟ್ಟಿನ ಅಂತರ ಆಗ ಐದು ಪಿಕ್ಸೆಲ್‌ನಷ್ಟಕ್ಕೆ ಇಳಿಯುತ್ತದೆ. ಬಾಣದ ತುದಿಗೆ ಎರಡು ಗೆರೆಗಳ ಮೊನೆ ಬಿಡಿಸಲು ಹೋಗಬೇಡಿ, ಈ ಪರದೆಯಲ್ಲಿ ಅದು ಮಸಿಯ ಚುಕ್ಕೆಯಂತೆ ಕಾಣುತ್ತದೆ. ಪಿಟಿ-ಆನ್ ಆದೇಶಕ್ಕೆ ಮೂರನೆಯ ಅಂಕಿಯಾಗಿ 2 ಕೊಟ್ಟರೆ ಪುಟ್ಟ ಚೌಕ ಮೂಡುತ್ತದೆ. ಅದನ್ನು ತುದಿಗಿಟ್ಟರೆ ಬಾಣ ಬೆಂಕಿಕಡ್ಡಿಯಂತೆ ಕಾಣುತ್ತದೆ, ತಲೆ ಯಾವ ಕಡೆಗಿದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಈಗ ನನಗೆ ಬಹಳ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ನೀವು ಅಡ್ಡ ಘಟಕ ಒಂದು, ಉದ್ದ ಘಟಕ ಒಂದು ಎಂದು ಬೇರೆಬೇರೆಯಾಗಿ ಲೆಕ್ಕ ಹಾಕಿ, ಪ್ರತಿ ಆವೇಶಕ್ಕೂ ಲೂಪ್ ಸುತ್ತಿಸಿದ್ದೀರಿ ಎಂದು ಊಹಿಸುತ್ತೇನೆ. ಹೆಚ್ಚಿನವರು ಹಾಗೆಯೇ ಶುರುಮಾಡುತ್ತಾರೆ. ಆ ಲೂಪ್ ಬೇಕಾಗಿಲ್ಲ. ಈ ಕ್ಯಾಲ್ಕುಲೇಟರ್ ಸಂಕೀರ್ಣ ಸಂಖ್ಯೆಗಳನ್ನು ಬಲ್ಲದು, ಸಂಕೀರ್ಣ ಸಂಖ್ಯೆಗಳ ಪಟ್ಟಿಯನ್ನೂ ಬಲ್ಲದು. ಸಮತಲದ ಒಂದು ಬಿಂದುವೆಂದರೆ ಒಂದು ಸಂಕೀರ್ಣ ಸಂಖ್ಯೆ: ಅಡ್ಡ ದೂರ ಅದರ ವಾಸ್ತವ ಭಾಗ, ಉದ್ದ ದೂರ ‘ಐ’ ಜೊತೆಗಿರುವ ಭಾಗ. ಆವೇಶಗಳು ಇರುವ ಸ್ಥಾನಗಳನ್ನೆಲ್ಲ ಎಲ್1 ಪಟ್ಟಿಯಲ್ಲಿಡಿ, ಅವುಗಳ ಪ್ರಮಾಣಗಳನ್ನು ಎಲ್2ರಲ್ಲಿಡಿ, ನೀವು ನಿಂತಿರುವ ಬಿಂದುವನ್ನು ಝಡ್ ಎಂದು ಕರೆಯಿರಿ. ಮೋಡ್‌ನಲ್ಲಿ ಸಂಕೀರ್ಣ ಸಂಖ್ಯೆಯ ಆಯ್ಕೆಯನ್ನೂ ಡಿಗ್ರಿಯನ್ನೂ ಹಾಕಿಕೊಳ್ಳಿ. ಆಮೇಲೆ ಎರಡೇ ಸಾಲು:

ಝಡ್ − ಎಲ್1 → ಎಲ್3
ಸಮ್(ಎಲ್2 × ಎಲ್3 ÷ ಆಬ್ಸ್(ಎಲ್3)³) → ಎಫ್

ಮೊದಲ ಸಾಲು ಪ್ರತಿ ಆವೇಶದಿಂದ ನಿಮ್ಮ ಬಿಂದುವಿಗೆ ಬರುವ ಸದಿಶವನ್ನು ಕೊಡುತ್ತದೆ. ಎರಡನೆಯ ಸಾಲು ಕೂಲಂಬ್ ನಿಯಮವೇ: ಸದಿಶವನ್ನು ದೂರದ (ಅದನ್ನು ಕೊಡುವುದು ಆಬ್ಸ್) ಘನದಿಂದ ಭಾಗಿಸಿದರೆ ದಿಕ್ಕೂ ಉಳಿಯುತ್ತದೆ, ದೂರದ ವರ್ಗಕ್ಕೆ ವಿಲೋಮವಾದ ಪ್ರಮಾಣವೂ ಉಳಿಯುತ್ತದೆ. ಎಲ್ಲವನ್ನೂ ಕೂಡುವುದು ಅಧ್ಯಾರೋಪಣ ತತ್ವ. ಎರಡು ಆವೇಶವಿರಲಿ, ಇಪ್ಪತ್ತಿರಲಿ, ಸಾಲು ಬದಲಾಗುವುದಿಲ್ಲ. ಲೂಪ್‌ನ ಪ್ರತಿ ಸಾಲನ್ನೂ ಮತ್ತೆಮತ್ತೆ ಓದುವ ಶ್ರಮ ಯಂತ್ರಕ್ಕೆ ತಪ್ಪುವುದರಿಂದ ವೇಗವೂ ಹೆಚ್ಚುತ್ತದೆ. ಕೂಲಂಬ್‌ನ ಸ್ಥಿರಾಂಕ 8.99×10⁹ ಇಲ್ಲಿ ಏಕಿಲ್ಲ ಎಂದು ಮಗಳು ಕೇಳಬಹುದು. ಚಿತ್ರಕ್ಕೆ ಬೇಕಾದದ್ದು ದಿಕ್ಕು. ಸ್ಥಿರಾಂಕ ದಿಕ್ಕನ್ನು ಬದಲಿಸದು. ಉತ್ತರ ನ್ಯೂಟನ್ ಪ್ರತಿ ಕೂಲಂಬ್‌ನಲ್ಲೇ ಬೇಕಾದಾಗ ಕೊನೆಯಲ್ಲಿ ಒಮ್ಮೆ ಗುಣಿಸಿದರಾಯಿತು.

ಒಂದು ಎಚ್ಚರಿಕೆ. ಎಲ್2 ಆದ ಮೇಲೆ ಗುಣಾಕಾರ ಚಿಹ್ನೆಯನ್ನು ಬಿಟ್ಟು ನೇರವಾಗಿ ಆವರಣ ತೆರೆದರೆ, ಈ ಕ್ಯಾಲ್ಕುಲೇಟರ್ ಅದನ್ನು ಗುಣಾಕಾರವೆಂದು ಓದುವುದಿಲ್ಲ, ‘ಪಟ್ಟಿಯ ಇಷ್ಟನೆಯ ಅಂಶ’ ಎಂದು ಓದುತ್ತದೆ. ಬೇರೆ ಕಡೆ ಚಿಹ್ನೆ ಬಿಟ್ಟರೂ ನಡೆಯುವುದರಿಂದ ಈ ದೋಷ ಕಣ್ಣಿಗೆ ಬೀಳುವುದು ತಡವಾಗುತ್ತದೆ. ಹಾಗೆಯೇ ಎಕ್ಸ್ ಮತ್ತು ವೈ ಚರಾಕ್ಷರಗಳಲ್ಲಿ ಏನನ್ನೂ ಕಾಪಾಡಿಡಬೇಡಿ. ಗ್ರಾಫ್‌ಗೆ ಸಂಬಂಧಿಸಿದ ಆದೇಶಗಳು ಅವನ್ನು ತಿದ್ದಿ ಬರೆಯುತ್ತವೆ.

ಈ ಎರಡು ಸಾಲು ಸರಿಯಾಗಿವೆಯೇ ಎಂದು ಚಿತ್ರ ಬಿಡಿಸುವ ಮೊದಲೇ ನೋಡಿಬಿಡಿ. +1 ಆವೇಶವನ್ನು −2ರಲ್ಲಿ, −1 ಆವೇಶವನ್ನು 2ರಲ್ಲಿ ಇಟ್ಟು, ಝಡ್‌ಗೆ 0 ಕೊಡಿ, ಉತ್ತರ 0.5 ಬರಬೇಕು. ಝಡ್‌ಗೆ 1.5ಐ ಕೊಟ್ಟರೆ, ಅಂದರೆ ನಡುವಿನಿಂದ ನೇರ ಮೇಲಕ್ಕೆ 1.5 ಹೋದರೆ, ಪ್ರತಿ ಆವೇಶದ ದೂರ 2.5, ಕ್ಷೇತ್ರ 4 ಭಾಗಿಸು 15.625, ಅಂದರೆ 0.256, ಪೂರ್ತಿ ಅಡ್ಡಕ್ಕೆ, ಬಲಗಡೆಗೆ. ಮಗಳು ಇದನ್ನು ಕಾಗದದ ಮೇಲೆ ಮಾಡಿ ನೋಡಲಿ. ಇಷ್ಟು ಹೊಂದಿದರೆ ಮುಂದಿನ ಯಾವ ತಪ್ಪೂ ಸೂತ್ರದ್ದಲ್ಲ, ನಡಿಗೆಯದು.

ನಡಿಗೆ ಎಂದೆ. ಬಲರೇಖೆ ಎಳೆಯುವುದೆಂದರೆ ಅದೇ: ಧನ ಆವೇಶದ ಪಕ್ಕದಲ್ಲಿ ನಿಂತು, ಕ್ಷೇತ್ರ ತೋರಿದ ದಿಕ್ಕಿಗೆ ಒಂದು ಹೆಜ್ಜೆ ಇಟ್ಟು, ಅಲ್ಲಿ ಮತ್ತೆ ಕೇಳಿ, ಮತ್ತೊಂದು ಹೆಜ್ಜೆ. ಇಲ್ಲಿ ಎರಡು ವಿಷಯ ಮುಖ್ಯ. ಮೊದಲನೆಯದು, ಹೆಜ್ಜೆಯ ಉದ್ದ ಎಲ್ಲೆಡೆ ಒಂದೇ ಇರಬೇಕು. ಎಫ್ ಅನ್ನೇ ಹೆಜ್ಜೆಯಾಗಿ ಇಟ್ಟರೆ ಆವೇಶದ ಬಳಿ ಒಂದೇ ನೆಗೆತಕ್ಕೆ ಪರದೆಯಾಚೆ ಹೋಗುತ್ತೀರಿ, ದೂರದಲ್ಲಿ ನಿಂತಲ್ಲೇ ನಿಲ್ಲುತ್ತೀರಿ. ಎಫ್ ÷ ಆಬ್ಸ್(ಎಫ್) ಮಾಡಿ ದಿಕ್ಕನ್ನು ಮಾತ್ರ ತೆಗೆದುಕೊಂಡು ಹೆಜ್ಜೆಯ ಉದ್ದದಿಂದ ಗುಣಿಸಿ. ಎರಡನೆಯದು, ನಿಂತ ಜಾಗದ ದಿಕ್ಕನ್ನೇ ನಂಬಿ ಇಡೀ ಹೆಜ್ಜೆ ಇಡಬಾರದು. ನಿಮ್ಮ ಸಮವಿಭವ ರೇಖೆ ಕೂಡದೆ ಹೋದದ್ದಕ್ಕೆ ಕಾರಣ ಇದೇ, ಸ್ವಲ್ಪ ನಿಧಾನವಾಗಿ ನೋಡೋಣ.

ಒಂದೇ ಒಂದು ಆವೇಶವಿದೆ ಎಂದುಕೊಳ್ಳಿ. ಅದರ ಸಮವಿಭವ ರೇಖೆ ಶುದ್ಧ ವೃತ್ತ. ವೃತ್ತದ ಮೇಲೆ ನಿಂತು ಸ್ಪರ್ಶರೇಖೆಯ ದಿಕ್ಕಿಗೆ ಹೆಜ್ಜೆ ಇಟ್ಟರೆ ಕಾಲು ಬೀಳುವುದು ವೃತ್ತದ ಹೊರಗೆ, ಸ್ವಲ್ಪವೇ ಹೊರಗೆ. ಮುಂದಿನ ಹೆಜ್ಜೆಯೂ ಹೊರಗೇ. ತಪ್ಪುಗಳು ಒಂದನ್ನೊಂದು ಅಳಿಸುವುದಿಲ್ಲ, ಎಲ್ಲವೂ ಒಂದೇ ಕಡೆಗೆ ಕೂಡುತ್ತ ಹೋಗುತ್ತವೆ. ಲೆಕ್ಕ ಹಾಕಿದರೆ ಒಂದು ಸುತ್ತು ಮುಗಿಯುವಷ್ಟರಲ್ಲಿ ತ್ರಿಜ್ಯ ಬೆಳೆದಿರುವುದು ಹೆಜ್ಜೆಯ ಉದ್ದದ ಸುಮಾರು ಪೈ ಪಟ್ಟು. ವೃತ್ತ ದೊಡ್ಡದಿರಲಿ, ಚಿಕ್ಕದಿರಲಿ, ಇಷ್ಟೇ. ಹೆಜ್ಜೆ 0.1 ಆದರೆ 0.31, ಪರದೆಯ ಮೇಲೆ ಮೂರು ಪಿಕ್ಸೆಲ್. ನಿಮ್ಮ ರೇಖೆ ಬಿಟ್ಟ ಸಂದು ಅದೇ.

ಪರಿಹಾರ ಸರಳ. ಮೊದಲು ಅರ್ಧ ಹೆಜ್ಜೆಯಷ್ಟು ಮುಂದೆ ಹೋಗಿ ಅಲ್ಲಿಯ ದಿಕ್ಕನ್ನು ಕೇಳಿ. ಮತ್ತೆ ಹಿಂದಿನ ಜಾಗಕ್ಕೇ ಬಂದು, ಆ ನಡುವಿನ ದಿಕ್ಕಿನಲ್ಲಿ ಪೂರ್ತಿ ಹೆಜ್ಜೆ ಇಡಿ. ಇದಕ್ಕೆ ಮಧ್ಯಬಿಂದು ವಿಧಾನ ಎನ್ನುತ್ತಾರೆ. ಪ್ರತಿ ಹೆಜ್ಜೆಗೂ ಕ್ಷೇತ್ರವನ್ನು ಎರಡು ಸಲ ಲೆಕ್ಕ ಹಾಕಬೇಕು, ನಿಜ. ಆದ್ದರಿಂದ ಹೆಜ್ಜೆಯನ್ನು 0.2ಕ್ಕೆ ಹಿಗ್ಗಿಸಿ, ಒಟ್ಟು ಕೆಲಸ ಮೊದಲಿನಷ್ಟೇ ಆಯಿತು. ತ್ರಿಜ್ಯ 2 ಇರುವ ವೃತ್ತವನ್ನು ಸುತ್ತಿದರೆ ಈಗ ಬರುವ ತಪ್ಪು ಸುಮಾರು 0.0008. ಒಂದು ಪಿಕ್ಸೆಲ್‌ನ ನೂರರಲ್ಲಿ ಒಂದು ಭಾಗವೂ ಅಲ್ಲ. ಅದೇ ಶ್ರಮಕ್ಕೆ ನಾಲ್ಕು ನೂರು ಪಟ್ಟು ನಿಖರತೆ! ಇದನ್ನು ತರಗತಿಯಲ್ಲಿ ಹಲಗೆಯ ಮೇಲೆ ಬರೆದು ತೋರಿಸುವಾಗಲೆಲ್ಲ ನನಗೆ ಹೊಸದಾಗಿ ಸಂತೋಷವಾಗುತ್ತಿತ್ತು.

ಎಲ್ಲವನ್ನೂ ಸೇರಿಸಿದರೆ ಪ್ರೋಗ್ರಾಂನ ನಡು ಹೀಗಿರುತ್ತದೆ. ಕ್ಷೇತ್ರ ತಿಳಿಯುವ ಎರಡು ಸಾಲುಗಳನ್ನು ‘ಕ್ಷೇತ್ರ’ ಎಂದೇ ಬರೆದಿದ್ದೇನೆ. ಟೈಪ್ ಮಾಡುವಾಗ ಆ ಜಾಗದಲ್ಲಿ ಪೂರ್ತಿ ಸಾಲುಗಳನ್ನು ಹಾಕಿ.

ಫಾರ್(ಎ, 15, 345, 30)
ಎಲ್1(1) + 0.2 × (ಕಾಸ್(ಎ) + ಐ × ಸೈನ್(ಎ)) → ಝಡ್
0 → ಎನ್
ರಿಪೀಟ್ ಎನ್>150 ಅಥವಾ ಮಿನ್(ಆಬ್ಸ್(ಝಡ್−ಎಲ್1))<0.15 ಅಥವಾ ಆಬ್ಸ್(ರಿಯಲ್(ಝಡ್))>6 ಅಥವಾ ಆಬ್ಸ್(ಇಮ್ಯಾಗ್(ಝಡ್))>5
ಝಡ್‌ನಲ್ಲಿ ಕ್ಷೇತ್ರ → ಎಫ್
ಝಡ್ + 0.1 × ಎಫ್ ÷ ಆಬ್ಸ್(ಎಫ್) → ಡಬ್ಲ್ಯೂ
ಡಬ್ಲ್ಯೂನಲ್ಲಿ ಕ್ಷೇತ್ರ → ಎಫ್
ಝಡ್ + 0.2 × ಎಫ್ ÷ ಆಬ್ಸ್(ಎಫ್) → ಡಬ್ಲ್ಯೂ
ಲೈನ್(ರಿಯಲ್(ಝಡ್), ಇಮ್ಯಾಗ್(ಝಡ್), ರಿಯಲ್(ಡಬ್ಲ್ಯೂ), ಇಮ್ಯಾಗ್(ಡಬ್ಲ್ಯೂ))
ಡಬ್ಲ್ಯೂ → ಝಡ್
ಎನ್ + 1 → ಎನ್
ಎಂಡ್
ಎಂಡ್

ಇದಕ್ಕೂ ಮೊದಲು ಫಂಕ್ಷನ್‌ಗಳನ್ನೂ ಅಕ್ಷಗಳನ್ನೂ ಆಫ್ ಮಾಡಿ, ಹಳೆಯ ಚಿತ್ರವನ್ನು ಅಳಿಸಿ, ಝಡ್‌ಡೆಸಿಮಲ್ ಹಾಕಿಕೊಂಡಿರಬೇಕು. ಎಲ್1ರ ಮೊದಲ ಅಂಶವಾಗಿ ಪ್ರಮಾಣದಲ್ಲಿ ದೊಡ್ಡದಾದ ಧನ ಆವೇಶವನ್ನಿಡಿ. ಋಣ ಆವೇಶವೇ ದೊಡ್ಡದಾಗಿದ್ದರೆ ಅಲ್ಲಿಂದಲೇ ಹೊರಟು, 0.1 ಮತ್ತು 0.2ಕ್ಕೆ ಋಣ ಚಿಹ್ನೆ ಹಾಕಿ, ಕ್ಷೇತ್ರಕ್ಕೆ ಎದುರಾಗಿ ನಡೆಯಿರಿ, ರೇಖೆ ಅದೇ.

ಇದರಲ್ಲಿ ಎರಡು ಅಂಕಿಗಳಿಗೆ ವಿವರಣೆ ಬೇಕು. ಒಂದು 0.15. ನಿಮ್ಮ ರೇಖೆ ಋಣ ಆವೇಶದ ಸುತ್ತ ಓಡಾಡಿದ್ದು, ನಿಲ್ಲುವ ದೂರ ಹೆಜ್ಜೆಗೆ ಹೋಲಿಸಿದರೆ ತೀರ ಚಿಕ್ಕದಾಗಿದ್ದರಿಂದ. ಹೆಜ್ಜೆ 0.2, ನಿಲ್ಲುವ ದೂರ 0.05 ಎಂದಿದ್ದರೆ, 0.11 ದೂರದಲ್ಲಿದ್ದವನು ಒಂದೇ ಹೆಜ್ಜೆಗೆ ಆವೇಶವನ್ನು ದಾಟಿ ಆಚೆ 0.09ಕ್ಕೆ ಬೀಳುತ್ತಾನೆ. ಅಲ್ಲಿಂದ ಕ್ಷೇತ್ರ ಹಿಂದಕ್ಕೆ ಎಳೆಯುತ್ತದೆ, ಮತ್ತೆ ಈಚೆಗೆ. ನಿಲ್ಲುವ ದೂರ ಅರ್ಧ ಹೆಜ್ಜೆಗಿಂತ ಹೆಚ್ಚಿದ್ದರೆ ಹೀಗೆ ದಾಟಿಹೋಗಿ ಉಳಿಯುವುದು ಸಾಧ್ಯವಿಲ್ಲ. ಹೊರಡುವ ದೂರ 0.2, ನಿಲ್ಲುವ ದೂರಕ್ಕಿಂತ ಹೆಚ್ಚು.

ಇನ್ನೊಂದು, ಕೋನವನ್ನು ಸೊನ್ನೆಯಿಂದ ಹಿಡಿಯದೆ 15 ಡಿಗ್ರಿಯಿಂದ ಹಿಡಿದದ್ದು. −2ರಲ್ಲೂ 2ರಲ್ಲೂ ಸಮನಾದ ಎರಡು ಧನ ಆವೇಶಗಳಿದ್ದರೆ ನಟ್ಟನಡುವೆ ಕ್ಷೇತ್ರ ಸೊನ್ನೆ. ಸೊನ್ನೆ ಡಿಗ್ರಿಯಲ್ಲಿ ಹೊರಟ ರೇಖೆ −1.8ರಿಂದ 0.2ರಂತೆ ಒಂಬತ್ತು ಹೆಜ್ಜೆಗೆ ಸರಿಯಾಗಿ ಆ ಬಿಂದುವಿನ ಮೇಲೆಯೇ ಕಾಲಿಡುತ್ತದೆ. ಸಾಮಾನ್ಯ ಕಂಪ್ಯೂಟರ್‌ಗಳು ದ್ವಿಮಾನ ಪದ್ಧತಿಯಲ್ಲಿ ಲೆಕ್ಕ ಮಾಡುವುದರಿಂದ ಅಲ್ಲಿ 0.2 ಎಂಬುದು ಕೂದಲೆಳೆಯಷ್ಟು ಆಚೀಚೆ ಇರುತ್ತದೆ, ಹೀಗಾಗಿ ಸೊನ್ನೆಯ ಮೇಲೆ ನಿಖರವಾಗಿ ಬೀಳದೆ ತಪ್ಪಿಸಿಕೊಳ್ಳಬಹುದು. ಈ ಕ್ಯಾಲ್ಕುಲೇಟರ್ ದಶಮಾಂಶದಲ್ಲೇ ಲೆಕ್ಕ ಮಾಡುತ್ತದೆ. 0.2 ಎಂದರೆ 0.2 ತಾನೇ. ಸರಿಯಾಗಿ ಸೊನ್ನೆಗೆ ಬಂದು, ಸೊನ್ನೆಯಿಂದ ಭಾಗಿಸಲು ಹೋಗಿ ದೋಷ ತೋರಿಸಿ ನಿಲ್ಲುತ್ತದೆ. ಅರ್ಧ ಅಂತರದಷ್ಟು ಕೋನ ತಿರುಗಿಸಿ ಹೊರಟರೆ ಅಕ್ಷದ ಮೇಲೆ ಯಾವ ರೇಖೆಯೂ ಹೋಗುವುದಿಲ್ಲ.

ಸಮವಿಭವ ರೇಖೆಗೆ ಬೇರೆ ಪ್ರೋಗ್ರಾಂ ಬೇಡ. ಅದು ಬಲರೇಖೆಗೆ ಎಲ್ಲೆಡೆಯೂ ಲಂಬ. ಸಂಕೀರ್ಣ ಸಂಖ್ಯೆಯನ್ನು ತೊಂಬತ್ತು ಡಿಗ್ರಿ ತಿರುಗಿಸುವುದೆಂದರೆ ಐನಿಂದ ಗುಣಿಸುವುದು. ಮೇಲಿನ ಎರಡು ಹೆಜ್ಜೆ ಸಾಲುಗಳಲ್ಲಿ ಎಫ್ ಇರುವ ಕಡೆ ಐ × ಎಫ್ ಬರೆದರೆ ಮುಗಿಯಿತು! ಹೊರಟ ಬಿಂದುವನ್ನು ಎಸ್ ಎಂದು ಇಟ್ಟುಕೊಂಡು, ಹತ್ತು ಹೆಜ್ಜೆ ಕಳೆದ ಮೇಲೆ ಝಡ್ ಮತ್ತೆ ಎಸ್‌ನ 0.15 ಹತ್ತಿರ ಬಂದಾಗ ನಿಲ್ಲಿಸಿ. ‘ಐ’ಯಿಂದ ಗುಣಿಸಿದರೆ ತಿರುಗುತ್ತದೆ ಎಂದು ಗಣಿತದ ತರಗತಿಯಲ್ಲಿ ಕೇಳಿದ ಮಾತು ಕಣ್ಣೆದುರು ಉಂಗುರವಾಗಿ ಮುಚ್ಚಿಕೊಳ್ಳುವುದನ್ನು ಮಗಳು ನೋಡಲಿ.

ಈಗ ಕಠಿಣ ಪರೀಕ್ಷೆ. +4 ಆವೇಶವನ್ನು −1ರಲ್ಲಿ, −1 ಆವೇಶವನ್ನು 1ರಲ್ಲಿ ಇಡಿ. ಮ್ಯಾಕ್ಸ್‌ವೆಲ್ ಎಂಬ ಭೌತವಿಜ್ಞಾನಿ 1873ರ ತಮ್ಮ ಗ್ರಂಥದಲ್ಲಿ ಬಿಡಿಸಿ ಕೊಟ್ಟ ಚಿತ್ರಗಳಲ್ಲಿ ಒಂದು ಇದೇ ನಾಲ್ಕಕ್ಕೆ ಒಂದರ ಅನುಪಾತದ್ದು. ಅವರು 20 ಮತ್ತು −5 ಎಂದು ಇಟ್ಟುಕೊಂಡಿದ್ದರು. ಯಂತ್ರವಿಲ್ಲದ ಕಾಲ. ಪ್ರತಿ ಆವೇಶದ ರೇಖೆಗಳನ್ನು ಬೇರೆಬೇರೆ ಎಳೆದು, ಒಂದರ ಮೇಲೊಂದಿಟ್ಟು, ಅವು ಕತ್ತರಿಸಿ ಆದ ಚೌಕುಳಿಗಳ ಮೂಲೆಯಿಂದ ಮೂಲೆಗೆ ಗೆರೆ ಸೇರಿಸಿ ಹೊಸ ರೇಖೆಗಳನ್ನು ಪಡೆಯುವ ವಿಧಾನವನ್ನು ಅವರು ವಿವರಿಸಿದ್ದಾರೆ. ನಿಮ್ಮ ‘ಸಮ್’ ಆದೇಶ ಮಾಡುವ ಕೆಲಸವನ್ನು ಅವರು ಪೆನ್ಸಿಲಿನಿಂದ ಮಾಡಿದರು.

ಈ ಜೋಡಿಯಲ್ಲಿ ಕ್ಷೇತ್ರ ಸೊನ್ನೆಯಾಗುವ ಬಿಂದು 3ರಲ್ಲಿದೆ, ನಿಮ್ಮ ಕಿಟಕಿಯೊಳಗೇ. ಅಲ್ಲಿ +4ರಿಂದ ದೂರ 4, −1ರಿಂದ ದೂರ 2. ಹದಿನಾರರಲ್ಲಿ ನಾಲ್ಕು, ನಾಲ್ಕರಲ್ಲಿ ಒಂದು, ಎರಡೂ ಸಮ. ಇದಕ್ಕಿಂತ ಸೊಗಸಾದದ್ದು ಇನ್ನೊಂದಿದೆ. ಆವೇಶಗಳೆಲ್ಲ ಒಂದೇ ಸಾಲಿನಲ್ಲಿದ್ದಾಗ, ಒಂದು ಬಲರೇಖೆಯ ಉದ್ದಕ್ಕೂ ಬದಲಾಗದ ಮೊತ್ತವೊಂದಿದೆ: ಪ್ರತಿ ಆವೇಶವನ್ನು, ಅಲ್ಲಿಂದ ನೋಡಿದಾಗ ಆ ಬಿಂದು ಅಕ್ಷದೊಡನೆ ಮಾಡುವ ಕೋನದ ಕೊಸೈನ್‌ನಿಂದ ಗುಣಿಸಿ ಕೂಡಿದ್ದು. ಸೊನ್ನೆ ಬಿಂದುವಿನಲ್ಲಿ ಎರಡೂ ಕೋನಗಳು ಸೊನ್ನೆ, ಮೊತ್ತ 4 − 1 = 3. +4ರ ಬಳಿಯಿಂದ ಹೊರಡುವಾಗ ಮೊತ್ತ 4 ಕಾಸ್ ಎ + 1. ಎರಡನ್ನೂ ಸಮ ಮಾಡಿದರೆ ಕಾಸ್ ಎ ಅರ್ಧ, ಕೋನ 60 ಡಿಗ್ರಿ. ಅರವತ್ತರೊಳಗೆ ಹೊರಟ ರೇಖೆಗಳೆಲ್ಲ ಋಣ ಆವೇಶಕ್ಕೆ ಹೋಗಿ ಸೇರಬೇಕು, ಅರವತ್ತರಾಚೆಯವು ಅನಂತಕ್ಕೆ. 55 ಡಿಗ್ರಿಯಲ್ಲಿ ಒಂದು, 65ರಲ್ಲಿ ಒಂದು ರೇಖೆಯನ್ನು ಬಿಟ್ಟು ನೋಡಿ. ಆ ಮೊತ್ತವನ್ನು ಪ್ರೋಗ್ರಾಂನಲ್ಲೇ ಲೆಕ್ಕ ಹಾಕಬಹುದು: ಸಮ್(ಎಲ್2 × ರಿಯಲ್(ಎಲ್3) ÷ ಆಬ್ಸ್(ಎಲ್3)). ರೇಖೆ ಹೊರಟಾಗ ಒಮ್ಮೆ, ಮುಗಿದಾಗ ಒಮ್ಮೆ ಪರದೆಗೆ ತನ್ನಿ. ಎರಡರ ವ್ಯತ್ಯಾಸವೇ ನಿಮ್ಮ ನಡಿಗೆಯ ತಪ್ಪು. ಉತ್ತರ ಗೊತ್ತಿಲ್ಲದ ಚಿತ್ರದಲ್ಲೂ ತಪ್ಪನ್ನು ಅಳೆಯುವ ಕೋಲು ಸಿಕ್ಕಿತು ಎಂದಾಯಿತು. ನೀವು ಮೊದಲು ಬಳಸಿದ ನೇರ ಹೆಜ್ಜೆಯ ವಿಧಾನವನ್ನೂ ಇದೇ ಕೋಲಿನಿಂದ ಅಳೆದು ನೋಡಿ.

ಈಗ ಮಗಳ ಶಿಕ್ಷಕರಿಗೂ ತೋರಿಸಬೇಕಾದ ಒಂದು ಸಂಗತಿ. ಮೇಲಿನ ಪ್ರೋಗ್ರಾಂ +4ರಿಂದ ಹನ್ನೆರಡು ರೇಖೆ ಹೊರಡಿಸುತ್ತದೆ. 15, 45, 315, 345 ಡಿಗ್ರಿಯ ನಾಲ್ಕು ರೇಖೆಗಳು ಋಣ ಆವೇಶವನ್ನು ಸೇರುತ್ತವೆ. ಹನ್ನೆರಡರಲ್ಲಿ ನಾಲ್ಕು, ಮೂರರಲ್ಲಿ ಒಂದು ಪಾಲು. ಆದರೆ ರೇಖೆಗಳ ಸಂಖ್ಯೆ ಆವೇಶದ ಪ್ರಮಾಣಕ್ಕೆ ತಕ್ಕಂತೆ ಇರಬೇಕೆನ್ನುವ ಗೌಸ್ ನಿಯಮದ ಪ್ರಕಾರ ಸೇರಬೇಕಾದದ್ದು ನಾಲ್ಕರಲ್ಲಿ ಒಂದು ಪಾಲು, ಹನ್ನೆರಡರಲ್ಲಿ ಮೂರು. ಪ್ರೋಗ್ರಾಂ ತಪ್ಪೇ? ಅಲ್ಲ. ರೇಖೆಗಳ ದಾರಿ ಪ್ರತಿಯೊಂದೂ ಸರಿ. ಅವನ್ನು ಎಣಿಸುವುದು ತಪ್ಪು. ನಿಜವಾದ ಬಿಂದು ಆವೇಶದ ರೇಖೆಗಳು ಎಲ್ಲ ದಿಕ್ಕುಗಳಿಗೂ, ಗೋಳದ ಮೇಲೆ ಸಮನಾಗಿ ಹರಡಿ ಹೊರಡುತ್ತವೆ. 60 ಡಿಗ್ರಿಯ ಶಂಕು ಗೋಳದಲ್ಲಿ ಕಾಲು ಭಾಗವನ್ನು ಹಿಡಿಯುತ್ತದೆ. ಅದನ್ನು ಹಾಳೆಯ ಮೇಲೆ ಕೊಯ್ದರೆ 360ರಲ್ಲಿ 120 ಡಿಗ್ರಿ, ಮೂರನೆಯ ಒಂದು ಭಾಗ. ‘ರೇಖೆಗಳು ದಟ್ಟವಾಗಿರುವಲ್ಲಿ ಕ್ಷೇತ್ರ ಬಲವಾಗಿದೆ’ ಎಂದು ಪಾಠಗಳಲ್ಲಿ ಬರುವ ಮಾತು ಮೂರು ಆಯಾಮಗಳಲ್ಲಿ ಪೂರ್ತಿ ನಿಜ, ಹಾಳೆಯ ಮೇಲೆ ಅಂದಾಜಿಗೆ ಮಾತ್ರ ನಿಜ. ಇದನ್ನು ಹೇಳದೆ ಚಿತ್ರ ತೋರಿಸುವುದು ವಿದ್ಯಾರ್ಥಿಗೆ ಮಾಡುವ ಅನ್ಯಾಯವೆಂದೇ ನಾನು ತಿಳಿದಿದ್ದೇನೆ.

ಹಾಳೆಯ ಮೇಲೂ ಎಣಿಕೆ ಸರಿಯಾಗಬೇಕೆಂದರೆ ಬಿಂದು ಆವೇಶಗಳ ಬದಲು, ಪರದೆಗೆ ಲಂಬವಾಗಿ ನಿಂತ ಬಹು ಉದ್ದದ ತಂತಿಗಳನ್ನು ಭಾವಿಸಿ. ತಂತಿಯ ಕ್ಷೇತ್ರ ದೂರದ ವರ್ಗಕ್ಕಲ್ಲ, ದೂರಕ್ಕೇ ವಿಲೋಮ. ಪ್ರೋಗ್ರಾಂನಲ್ಲಿ ಬದಲಾಗುವುದು ಒಂದೇ ಅಂಕಿ, ಘನ ಇದ್ದ ಕಡೆ ವರ್ಗ. ಆಗ ಗಡಿಯ ಕೋನ 60 ಅಲ್ಲ, 45 ಡಿಗ್ರಿ. 360ರಲ್ಲಿ 90, ಸರಿಯಾಗಿ ಕಾಲು ಭಾಗ. 15 ಡಿಗ್ರಿಯಿಂದ ಹೊರಡಿಸಿದರೆ 45ರ ರೇಖೆ ಗಡಿಯ ಮೇಲೆಯೇ ಬೀಳುತ್ತದೆ, ಹಾಗಾಗಿ 10ರಿಂದ 350ರವರೆಗೆ 20 ಡಿಗ್ರಿಗೊಂದರಂತೆ ಹದಿನೆಂಟು ರೇಖೆ ಬಿಡಿ. 10, 30, 330, 350ರವು ಒಳಗೆ ಸೇರುತ್ತವೆ, 50ರದ್ದು ತಪ್ಪಿಸಿಕೊಂಡು ಹೋಗುತ್ತದೆ. ಸೊನ್ನೆ ಬಿಂದು ಕೂಡ 3ರಿಂದ 1.67ರ ಬಳಿಗೆ ಸರಿದಿರುತ್ತದೆ. ಕೊಸೈನ್ ಮೊತ್ತದ ಅಳತೆಗೋಲು ಮಾತ್ರ ಇಲ್ಲಿ ನಡೆಯದು; ಇಲ್ಲಿ ಬದಲಾಗದೆ ಉಳಿಯುವುದು ಆವೇಶವನ್ನು ಕೋನದಿಂದಲೇ ಗುಣಿಸಿ ಕೂಡಿದ ಮೊತ್ತ.

ಚಿತ್ರ ಚೆನ್ನಾಗಿ ಬಂದಾಗ ಸ್ಟೋರ್‌ಪಿಕ್ ಆದೇಶದಿಂದ ಉಳಿಸಿಕೊಳ್ಳಿ. ಹತ್ತು ಚಿತ್ರಗಳಿಗೆ ಜಾಗವಿದೆ. ಪ್ರೋಗ್ರಾಂ ಅನ್ನು ಆರ್ಕೈವ್‌ಗೆ ಸೇರಿಸಿಡಿ, ಮೆಮೊರಿ ಅಳಿಸಿಹೋದರೂ ಅದು ಉಳಿಯುತ್ತದೆ. ಅಂದಹಾಗೆ, ನಿಮ್ಮ ಕೈಯಲ್ಲಿರುವ ಯಂತ್ರವನ್ನು ಮಾಡಿದ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ನಿಮ್ಮ ಈಗಿನ ಊರಿನ ಕಂಪನಿ. ಅದು 1985ರಲ್ಲೇ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆದಿತ್ತು.

ಮುಂದೆ ಏನು ಮಾಡಬಹುದು ಎಂದು ಮಗಳು ಕೇಳಿದರೆ, ಎಲ್1ಕ್ಕೆ ಹನ್ನೆರಡು ಸ್ಥಾನ ಕೊಡಲು ಹೇಳಿ. −1ರ ಅಡ್ಡ ಸ್ಥಾನದಲ್ಲಿ −1.5ರಿಂದ 1ರವರೆಗೆ 0.5ಕ್ಕೊಂದರಂತೆ ಮೇಲೆ ಕೆಳಗೆ ಆರು ಧನ ಆವೇಶ, ಅದಕ್ಕೆ ಎದುರಾಗಿ 1ರಲ್ಲಿ ಆರು ಋಣ ಆವೇಶ. ಘನದ ಬದಲು ವರ್ಗ ಇರಲಿ, ಆಗ ಅವು ತಂತಿಗಳ ಎರಡು ಸಾಲು, ಎರಡು ಫಲಕಗಳಿಗೆ ಹತ್ತಿರದ ರೂಪ. ರೇಖೆಗಳ ಬದಲು 96 ಬಾಣಗಳ ಚಿತ್ರವನ್ನು ಬಿಡಿಸಲಿ. ಫಲಕಗಳ ನಡುವೆ ಬಾಣಗಳು ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲುತ್ತವೆ, ಅಂಚು ದಾಟುತ್ತಿದ್ದಂತೆ ಬಾಗತೊಡಗುತ್ತವೆ. ನಡುವಿನ ಬಿಂದುವಿನಲ್ಲೂ ಅಂಚಿನ ಎತ್ತರದಲ್ಲೂ ಆಬ್ಸ್(ಎಫ್) ಎಷ್ಟೆಂದು ಬರೆದುಕೊಂಡು, ಫಲಕಗಳನ್ನು 0.5ಕ್ಕೆ ಹತ್ತಿರ ತಂದು ಮತ್ತೊಮ್ಮೆ ಬರೆದುಕೊಳ್ಳಲಿ. ಆ ನಾಲ್ಕು ಅಂಕಿಗಳನ್ನು ನನಗೂ ಕಳುಹಿಸಿ, ಎದುರಿಗಿಟ್ಟುಕೊಂಡು ಮಾತಾಡೋಣ.